ಹುಟ್ಟುವ ಮುನ್ನ ಕಂಡ ಗುಳ್ಳೆಗಳು ಎಕ್ಸ್-ರೇಯಲ್ಲಿ ಇಲ್ಲ: ಶಿಶುವಿಗೆ ಸಿ.ಟಿ. ಬೇಕೇ?

ತಾಯಿಬೇರು
20ನೇ ವಾರದ ಸ್ಕ್ಯಾನ್‌ನಲ್ಲಿ ಮಗುವಿನ ಎಡ ಶ್ವಾಸಕೋಶದ ಕೆಳಹಾಲೆಯಲ್ಲಿ, ಅಂದರೆ ಅದರ ಕೆಳಗಿನ ವಿಭಾಗದಲ್ಲಿ, ಬಿಳಿಚಾದ ಗಡ್ಡೆಯಂಥದ್ದೂ ಅದರೊಳಗೆ ಸಣ್ಣ ನೀರುಗುಳ್ಳೆಗಳೂ ಕಂಡವು. ಸಿ.ಪಿ.ಎ.ಎಂ. ಇರಬಹುದು, ಅಂದರೆ ಶ್ವಾಸಕೋಶದ ಒಂದು ಭಾಗ ಸರಿಯಾಗಿ ರೂಪುಗೊಳ್ಳದೆ ಗುಳ್ಳೆಗಳ ಗೊಂಚಲಾಗಿ ಉಳಿದಿರಬಹುದು ಎಂದರು. 32ನೇ ವಾರದಲ್ಲಿ ನೋಡಿದಾಗ ಅದೇ ಜಾಗದಲ್ಲಿ ಏನನ್ನೂ ಗುರುತಿಸಲಾಗಲಿಲ್ಲ. ಹುಟ್ಟಿದ ಮೇಲೆ ತೆಗೆದ ಎಕ್ಸ್-ರೇ ಸಹಜವಾಗಿದೆ ಎಂದು ವರದಿ ಬಂತು. ಮಗು ಚೆನ್ನಾಗಿ ಹಾಲು ಕುಡಿಯುತ್ತಿದೆ, ತೂಕವೂ ಏರುತ್ತಿದೆ. ಇಷ್ಟಾದರೂ ಮೂರರಿಂದ ಆರು ತಿಂಗಳ ನಡುವೆ, ರಕ್ತನಾಳಗಳು ಎದ್ದು ಕಾಣುವಂತೆ ಮಾಡುವ ಕಾಂಟ್ರಾಸ್ಟ್ ಎಂಬ ದ್ರವವನ್ನು ಕೊಟ್ಟು ಎದೆಯ ಸಿ.ಟಿ. ಮಾಡಿಸಬೇಕೆಂದು ವೈದ್ಯರು ಹೇಳುತ್ತಿದ್ದಾರೆ. ಇಲ್ಲದ ಕಾಯಿಲೆಯನ್ನು ಹುಡುಕಲು ಎಳೆಗೂಸಿಗೆ ವಿಕಿರಣವೇಕೆ ಎಂಬುದು ಮನೆಯ ಹಿರಿಯರ ಪ್ರಶ್ನೆ, ಮತ್ತು ನನಗೂ ಅದಕ್ಕೆ ಉತ್ತರ ಗೊತ್ತಿಲ್ಲ. ಈ ಹಾದಿಯಲ್ಲಿ ನಡೆದವರು, ಈ ಕೆಲಸ ಬಲ್ಲವರು ದಯವಿಟ್ಟು ತಿಳಿಸಿ.

ಸಂಶಯಪ್ರಜ್ಞ
ಸ್ಕ್ಯಾನ್‌ನಲ್ಲಿ ಮಾಯವಾಗಿದೆ, ಎಕ್ಸ್-ರೇ ಸಹಜವಾಗಿದೆ, ಮಗು ಆರೋಗ್ಯವಾಗಿದೆ. ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಇನ್ನೇನು ಬೇಕು? ಯಂತ್ರವಿದೆ ಎಂಬ ಕಾರಣಕ್ಕೆ ಪರೀಕ್ಷೆ ಬರೆಯುವ ಪ್ರವೃತ್ತಿಯನ್ನು ನಾವೆಲ್ಲರೂ ನೋಡಿದ್ದೇವೆ.

ಓದುವ ಕಣ್ಣು
ನಾನು ಮಕ್ಕಳ ರೇಡಿಯಾಲಜಿಯಲ್ಲಿ ಕೆಲಸ ಮಾಡುವವನು. ಸಂಶಯಪ್ರಜ್ಞ ಅವರು ಮುಂದಿಟ್ಟ ಎರಡು ಸಾಕ್ಷ್ಯಗಳೂ ನಿಲ್ಲುವುದಿಲ್ಲ. ಮೊದಲನೆಯದಾಗಿ, ಗರ್ಭಸ್ಥ ಶಿಶುವಿನ ಶ್ವಾಸಕೋಶದಲ್ಲಿ ಗಾಳಿಯಿರುವುದಿಲ್ಲ, ದ್ರವವಿರುತ್ತದೆ. ಗರ್ಭ ಬೆಳೆದಂತೆ ಸಹಜ ಶ್ವಾಸಕೋಶವೇ ಅಲ್ಟ್ರಾಸೌಂಡ್‌ನಲ್ಲಿ ಹೆಚ್ಚು ಬಿಳಿಯಾಗಿ ಕಾಣತೊಡಗುತ್ತದೆ. 20ನೇ ವಾರದಲ್ಲಿ ಸುತ್ತಲಿನ ಕಪ್ಪಿನ ನಡುವೆ ಎದ್ದು ಕಂಡ ಬಿಳಿ ಭಾಗವು 32ನೇ ವಾರದಲ್ಲಿ ಸುತ್ತಲಿನ ಬಿಳುಪಿನಲ್ಲಿ ಬೆರೆತುಹೋಗುತ್ತದೆ. ಗಟ್ಟಿಯಾಗುತ್ತಿರುವ ಪಕ್ಕೆಲುಬುಗಳ ನೆರಳು ಬೇರೆ. ನಿಜವಾಗಿಯೂ ಕುಗ್ಗಿಹೋಗುವವು ಇವೆ, ಆದರೆ ಹೀಗೆ 'ಮಾಯವಾದ' ಬಹುಪಾಲು ಪ್ರಕರಣಗಳಲ್ಲಿ ಹುಟ್ಟಿದ ನಂತರದ ಸಿ.ಟಿ.ಯಲ್ಲಿ ಅದು ಇದ್ದಲ್ಲಿಯೇ ಸಿಗುತ್ತದೆ.

ಎರಡನೆಯದಾಗಿ, ಎಕ್ಸ್-ರೇ ಎಂಬುದು ಎದೆಯ ಮುಂದಿನ, ಹಿಂದಿನ, ನಡುವಿನ ಎಲ್ಲವನ್ನೂ ಒಂದರ ಮೇಲೊಂದು ಹೇರಿದ ಒಂದೇ ನೆರಳು. ಎಡ ಕೆಳಹಾಲೆಯ ಹಿಂಭಾಗವು ಹೃದಯದ ಮರೆಯಲ್ಲಿರುತ್ತದೆ. ಅಲ್ಲಿರುವ ಚಿಕ್ಕ ಗುಳ್ಳೆಗಳನ್ನು ಎಕ್ಸ್-ರೇಯಲ್ಲಿ ತಳ್ಳಿಹಾಕಲು ನಾನು ಎಂದೂ ಸಹಿ ಮಾಡುವುದಿಲ್ಲ. ರೋಗಲಕ್ಷಣವಿಲ್ಲದ ಶಿಶುಗಳಲ್ಲಿ ಎಕ್ಸ್-ರೇ ಸಹಜವಾಗಿರುವುದು ತೀರಾ ಸಾಮಾನ್ಯ ಸಂಗತಿ.

ಗರ್ಭಲೋಕ
ಭ್ರೂಣ ವೈದ್ಯಕೀಯದ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ತಾಯಿಬೇರು ಅವರೇ, ನಿಮ್ಮ ಹಳೆಯ ವರದಿಯಲ್ಲಿ ಸಿ.ವಿ.ಆರ್. ಎಂಬ ಅಂಕಿ ಇದೆಯೇ ನೋಡಿ. ಗಡ್ಡೆಯ ಉದ್ದ, ಅಗಲ, ಎತ್ತರಗಳನ್ನು ಗುಣಿಸಿ, ಅದನ್ನು 0.52ರಿಂದ ಗುಣಿಸಿ, ಬಂದದ್ದನ್ನು ತಲೆಯ ಸುತ್ತಳತೆಯಿಂದ ಭಾಗಿಸಿದರೆ ಆ ಅಂಕಿ ಸಿಗುತ್ತದೆ. ಎಲ್ಲ ಅಳತೆಗಳೂ ಸೆಂಟಿಮೀಟರಿನಲ್ಲಿರಬೇಕು. ಅದು 1.6 ದಾಟಿದರೆ ಮಗುವಿನ ಮೈಯಲ್ಲಿ ನೀರು ತುಂಬಿಕೊಳ್ಳುವ ಹೈಡ್ರಾಪ್ಸ್ ಸ್ಥಿತಿಯ ಅಪಾಯ ಹೆಚ್ಚು ಎಂದು ನಾವು ಎಚ್ಚರಿಕೆಯಿಂದ ಪದೇ ಪದೇ ನೋಡುತ್ತೇವೆ. ಇಂತಹ ಗಡ್ಡೆಗಳು ಸಾಮಾನ್ಯವಾಗಿ 25ರಿಂದ 28ನೇ ವಾರದವರೆಗೆ ಬೆಳೆದು ಆಮೇಲೆ ನಿಲ್ಲುತ್ತವೆ, ಅಷ್ಟರಲ್ಲಿ ಎದೆಗೂಡು ದೊಡ್ಡದಾಗುತ್ತದೆ. ಹಾಗಾಗಿ 32ನೇ ವಾರದಲ್ಲಿ ಚಿಕ್ಕದಾಗಿ ಕಂಡರೆ ಅದು ಕರಗಿತು ಎಂದೇನೂ ಅಲ್ಲ.

ತಾಯಿಬೇರು
ಇದೆ. 0.7 ಎಂದು ಬರೆದಿದ್ದಾರೆ. ಅದರ ಕೆಳಗೆ 'ಡಾಪ್ಲರ್‌ನಲ್ಲಿ ಮಹಾಪಧಮನಿಯಿಂದ ಬರುವ ಪ್ರತ್ಯೇಕ ರಕ್ತನಾಳ ಸ್ಪಷ್ಟವಾಗಿಲ್ಲ' ಎಂಬ ಸಾಲೂ ಇದೆ. ಅದರ ಅರ್ಥವನ್ನು ಯಾರೂ ನಮಗೆ ಬಿಡಿಸಿ ಹೇಳಲಿಲ್ಲ.

ಓದುವ ಕಣ್ಣು
ನಿಮ್ಮ ವರದಿಯಲ್ಲಿ ಅತ್ಯಂತ ಮುಖ್ಯವಾದ ಸಾಲು ಅದೇ, ಮತ್ತು ಸಿ.ಟಿ. ಕೇಳುತ್ತಿರುವುದೂ ಬಹುಮಟ್ಟಿಗೆ ಅದಕ್ಕಾಗಿಯೇ. ಡಾಪ್ಲರ್ ಎಂದರೆ ರಕ್ತದ ಹರಿವನ್ನು ತೋರಿಸುವ ಅಲ್ಟ್ರಾಸೌಂಡ್, ಮಹಾಪಧಮನಿ ಎಂದರೆ ಹೃದಯದಿಂದ ದೇಹಕ್ಕೆ ರಕ್ತ ಒಯ್ಯುವ ಮುಖ್ಯ ನಾಳ. ಎಡ ಕೆಳಹಾಲೆಯಲ್ಲಿ ಸಿ.ಪಿ.ಎ.ಎಂ.ನಂತೆಯೇ ಕಾಣುವ ಇನ್ನೊಂದು ದೋಷವೆಂದರೆ ಸೀಕ್ವೆಸ್ಟ್ರೇಶನ್. ಅದು ಶ್ವಾಸನಾಳದ ಜಾಲದೊಂದಿಗೆ ಸಹಜವಾದ ಸಂಪರ್ಕವಿಲ್ಲದ ಶ್ವಾಸಕೋಶದ ತುಂಡು. ಶ್ವಾಸಕೋಶದ ಉಳಿದ ಭಾಗಕ್ಕೆ ರಕ್ತ ಬರುವುದು ಹೃದಯದ ಬಲಭಾಗದಿಂದ ಪಲ್ಮನರಿ ಅಪಧಮನಿಯ ಮೂಲಕ. ಆದರೆ ಈ ತುಂಡಿಗೆ ನೇರವಾಗಿ ಮಹಾಪಧಮನಿಯಿಂದಲೋ ಅದರ ಕವಲಿನಿಂದಲೋ ಒಂದು ನಾಳ ಬಂದಿರುತ್ತದೆ. ಎರಡೂ ಲಕ್ಷಣಗಳು ಒಂದೇ ಕಡೆ ಕೂಡಿರುವ ಮಿಶ್ರ ರೂಪಗಳೂ ಕಡಿಮೆಯೇನಲ್ಲ. ಆದ್ದರಿಂದ 'ಗುಳ್ಳೆ ಇದೆಯೇ ಇಲ್ಲವೇ' ಎಂಬುದರಷ್ಟೇ 'ಅದಕ್ಕೆ ರಕ್ತ ಎಲ್ಲಿಂದ ಬರುತ್ತಿದೆ, ಎಲ್ಲಿಗೆ ಹೋಗುತ್ತಿದೆ' ಎಂಬುದೂ ಮುಖ್ಯ. ಕಾಂಟ್ರಾಸ್ಟ್ ಇಲ್ಲದ ಸಿ.ಟಿ. ಈ ಪ್ರಶ್ನೆಗೆ ಸರಿಯಾಗಿ ಉತ್ತರಿಸುವುದಿಲ್ಲ.

ಹಳೇಕೆಮ್ಮು
ಆ ಪ್ರಶ್ನೆಯನ್ನು ಯಾರೂ ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಾನೇ ಉದಾಹರಣೆ. ಹದಿಹರೆಯದಿಂದಲೂ ನನಗೆ ಮತ್ತೆ ಮತ್ತೆ ನ್ಯುಮೋನಿಯಾ ಬರುತ್ತಿತ್ತು, ಪ್ರತಿ ಬಾರಿಯೂ ಎಡಗಡೆ, ಪ್ರತಿ ಬಾರಿಯೂ ಬುಡದಲ್ಲಿ. ಆಂಟಿಬಯೋಟಿಕ್ ಕೊಡುತ್ತಿದ್ದರು, ಕಡಿಮೆಯಾಗುತ್ತಿತ್ತು, ಹಳೆಯ ಎಕ್ಸ್-ರೇಯನ್ನು ಹೊಸದರ ಪಕ್ಕದಲ್ಲಿಟ್ಟು ನೋಡುವ ತಾಳ್ಮೆ ಯಾರಿಗೂ ಇರಲಿಲ್ಲ. ಒಮ್ಮೆ ಕಾಂಟ್ರಾಸ್ಟ್ ಇಲ್ಲದ ಸಿ.ಟಿ. ಮಾಡಿ ಶ್ವಾಸನಾಳಗಳು ಹಿಗ್ಗಿವೆ ಎಂದು ಬರೆದರು. ಕೊನೆಗೆ ಕಫದಲ್ಲಿ ರಕ್ತ ಕಂಡಾಗ ಕಾಂಟ್ರಾಸ್ಟ್ ಕೊಟ್ಟು ಸ್ಕ್ಯಾನ್ ಮಾಡಿದರು. ಮಹಾಪಧಮನಿಯ ಪಕ್ಕದಿಂದ ಒಂದು ನಾಳ ಹೊರಟು ಬಾಗಿ ನೇರವಾಗಿ ಆ ಭಾಗಕ್ಕೆ ಹೋಗುವುದನ್ನು ವೈದ್ಯರು ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು. ಒಮ್ಮೆ ತೋರಿಸಿದ ಮೇಲೆ ನನ್ನಂಥವನಿಗೂ ಅದು ಕಾಣದಿರಲು ಸಾಧ್ಯವಿರಲಿಲ್ಲ.

ಪಿ.ಜಿ. ಮೂರನೇ ವರ್ಷ
ಹಳೇಕೆಮ್ಮು ಅವರದು ಹಾಲೆಯೊಳಗಿನ ಸೀಕ್ವೆಸ್ಟ್ರೇಶನ್ ಎಂದು ತೋರುತ್ತದೆ. ಅದು ಪಕ್ಕದ ಸಹಜ ಶ್ವಾಸಕೋಶದ ಜೊತೆ ಒಂದೇ ಹೊದಿಕೆಯನ್ನು ಹಂಚಿಕೊಳ್ಳುತ್ತದೆ, ಸೋಂಕು ತಗುಲುವುದು ಹೆಚ್ಚು, ದೊಡ್ಡವರಾದ ಮೇಲೆ ಪತ್ತೆಯಾಗುವುದೂ ಹೆಚ್ಚು. ಅದರ ರಕ್ತ ಸಾಮಾನ್ಯವಾಗಿ ಪಲ್ಮನರಿ ಅಭಿಧಮನಿಗೆ ಮರಳುತ್ತದೆ. ಹಾಲೆಯ ಹೊರಗಿನದು ತನ್ನದೇ ಆದ ಪ್ರತ್ಯೇಕ ಹೊದಿಕೆಯೊಳಗಿರುತ್ತದೆ, ಹೆಚ್ಚಾಗಿ ಅಜೈಗಸ್‌ನಂಥ ದೇಹದ ಅಭಿಧಮನಿಗೆ ರಕ್ತ ಹರಿಸುತ್ತದೆ, ಮತ್ತು ಸಾಮಾನ್ಯವಾಗಿ ಗರ್ಭದಲ್ಲಿ ಅಥವಾ ಶೈಶವದಲ್ಲಿಯೇ ಕಾಣಿಸಿಕೊಳ್ಳುತ್ತದೆ. ಮಗುವಿನ ಸಿ.ಪಿ.ಎ.ಎಂ. ಟೈಪ್ 2 ಆಗಿರಬಹುದು, ಏಕೆಂದರೆ ಗುಳ್ಳೆಗಳು ಚಿಕ್ಕವು.

ಓದುವ ಕಣ್ಣು
ಅಲ್ಲಿ ಸ್ವಲ್ಪ ನಿಲ್ಲಿ. ಸ್ಟಾಕರ್ ಎಂಬ ರೋಗಶಾಸ್ತ್ರಜ್ಞ 1977ರಲ್ಲಿ ಮಾಡಿದ ಸಿ.ಪಿ.ಎ.ಎಂ.ನ ಮೂರು ವಿಧಗಳೂ (ಟೈಪ್‌ಗಳೂ) ಆಮೇಲೆ 0ಯಿಂದ 4ರವರೆಗೆ ಐದಾಗಿ ವಿಸ್ತರಿಸಿದ ವಿಧಗಳೂ ಸೂಕ್ಷ್ಮದರ್ಶಕದ ಕೆಳಗೆ ಅಂಗಾಂಶವನ್ನು ನೋಡಿ ಹೇಳುವಂಥವು. ಸ್ಕ್ಯಾನ್ ನೋಡುವವರು 'ಎರಡು ಸೆಂಟಿಮೀಟರಿಗಿಂತ ದೊಡ್ಡ ಗುಳ್ಳೆಗಳಿವೆ' ಅಥವಾ 'ಗುಳ್ಳೆಗಳು ಚಿಕ್ಕವು' ಎಂದು ಬರೆದರೆ ಸಾಕು. ಗರ್ಭದ ಸ್ಕ್ಯಾನ್‌ನಲ್ಲಂತೂ 5 ಮಿಲಿಮೀಟರನ್ನು ಗಡಿಯಾಗಿಟ್ಟುಕೊಂಡು ದೊಡ್ಡ ಗುಳ್ಳೆಯದು, ಸಣ್ಣ ಗುಳ್ಳೆಯದು ಎಂದು ಎರಡೇ ಗುಂಪು ಮಾಡುವ ರೂಢಿಯಿದೆ. ಮಗುವಿನ ಸಿ.ಟಿ.ಯೇ ಇನ್ನೂ ಆಗಿಲ್ಲದಿರುವಾಗ ಟೈಪ್ ಹಚ್ಚುವುದು ಪರೀಕ್ಷೆಯ ಉತ್ತರ ಪತ್ರಿಕೆಗೆ ಸರಿ, ತಾಯಿಗೆ ಹೇಳುವ ಮಾತಲ್ಲ.

ಸಂಶಯಪ್ರಜ್ಞ
ನೋಡಬೇಕು ಎಂಬುದನ್ನು ಒಪ್ಪಿದೆ ಎಂದೇ ಇಟ್ಟುಕೊಳ್ಳೋಣ. ಹಾಗಾದರೆ ವಿಕಿರಣವೇ ಇಲ್ಲದ ಎಂ.ಆರ್.ಐ. ಏಕಾಗಬಾರದು? ಗರ್ಭದಲ್ಲಿರುವಾಗಲೇ ಶಿಶುವಿನ ಶ್ವಾಸಕೋಶಕ್ಕೆ ಎಂ.ಆರ್.ಐ. ಮಾಡುತ್ತಾರೆ ಎಂದು ಓದಿದ್ದೇನೆ. ಒಳಗಿರುವಾಗ ಆಗುವುದು ಹೊರಗೆ ಬಂದ ಮೇಲೆ ಆಗುವುದಿಲ್ಲವೆಂದರೆ ನಂಬುವುದು ಹೇಗೆ?

ಕಿರಣಲೆಕ್ಕ
ವಿಚಿತ್ರವೆನಿಸಿದರೂ ವಿಷಯ ಹಾಗೆಯೇ ಇದೆ. ಎಂ.ಆರ್.ಐ.ಗೆ ಸಂಕೇತ ಸಿಗುವುದು ಮುಖ್ಯವಾಗಿ ನೀರಿನಲ್ಲಿರುವ ಹೈಡ್ರೋಜನ್ ಕಣಗಳಿಂದ. ಗರ್ಭದಲ್ಲಿ ಶ್ವಾಸಕೋಶದ ತುಂಬ ದ್ರವವಿರುವುದರಿಂದ ಅದು ಬೆಳ್ಳಗೆ ಹೊಳೆಯುತ್ತದೆ, ದೋಷವಿರುವ ಭಾಗವೂ ಅದರ ಅಂಚೂ ಸೊಗಸಾಗಿ ಕಾಣುತ್ತವೆ. ಮೊದಲ ಉಸಿರಿನೊಂದಿಗೆ ಆ ದ್ರವದ ಜಾಗಕ್ಕೆ ಗಾಳಿ ಬರುತ್ತದೆ. ಗಾಳಿಯಲ್ಲಿ ಸಂಕೇತ ಕೊಡುವಷ್ಟು ಹೈಡ್ರೋಜನ್ ಇಲ್ಲ, ಜೊತೆಗೆ ಗಾಳಿಯೂ ಅಂಗಾಂಶವೂ ಸೇರುವ ಕಡೆಯೆಲ್ಲ ಕಾಂತಕ್ಷೇತ್ರ ಕದಡಿ ಇರುವ ಸಂಕೇತವೂ ಕ್ಷಣಾರ್ಧದಲ್ಲಿ ಅಳಿಯುತ್ತದೆ. ಅದನ್ನು ಅಳಿಯುವ ಮೊದಲೇ ಹಿಡಿಯುವ ಅತಿ ಕಿರು ಎಕೋ ವಿಧಾನಗಳು ಬಂದಿವೆ, ಆದರೆ ಎಲ್ಲ ಕಡೆ ಲಭ್ಯವಿಲ್ಲ. ಮೇಲಾಗಿ ಎಂ.ಆರ್.ಐ. ಹಲವು ನಿಮಿಷಗಳ ಕೆಲಸ. ಉಸಿರಾಡುವ, ಮಿಸುಕಾಡುವ ಶಿಶುವಿಗೆ ಬಹಳಷ್ಟು ಸಲ ಅರಿವಳಿಕೆ ಬೇಕಾಗುತ್ತದೆ.

ವಿಕಿರಣದ ಬಗ್ಗೆ ಹೇಳುವುದಾದರೆ, ಶಿಶುವಿನ ಎದೆಯ ಒಂದು ಎಕ್ಸ್-ರೇ ಕೊಡುವುದು ವಿಕಿರಣದ ಅಳತೆಯಾದ ಮಿಲಿಸೀವರ್ಟ್‌ನ ನೂರರಲ್ಲಿ ಒಂದೆರಡು ಪಾಲು ಮಾತ್ರ. ಮಕ್ಕಳಿಗೆಂದೇ ಹೊಂದಿಸಿದ ಆಧುನಿಕ ಯಂತ್ರದಲ್ಲಿ ಎದೆಯ ಸಿ.ಟಿ.ಯನ್ನು ಸುಮಾರು ಒಂದರಿಂದ ಎರಡು ಮಿಲಿಸೀವರ್ಟ್‌ನಲ್ಲಿ, ಕೆಲವೆಡೆ ಅದಕ್ಕಿಂತ ಕಡಿಮೆಯಲ್ಲಿ ಮುಗಿಸಬಹುದು. ಭೂಮಿ, ಆಕಾಶ, ಆಹಾರ, ಗಾಳಿ ಇವುಗಳಿಂದ ಮನುಷ್ಯನಿಗೆ ಸಹಜವಾಗಿ ತಗುಲುವ ವಿಕಿರಣದ ಜಾಗತಿಕ ಸರಾಸರಿ ವರ್ಷಕ್ಕೆ 2.4 ಮಿಲಿಸೀವರ್ಟ್. ಆದ್ದರಿಂದ ಒಂದು ಸಿ.ಟಿ. ಎಂದರೆ ಹಲವು ತಿಂಗಳ ಸಹಜ ವಿಕಿರಣವನ್ನು ಒಮ್ಮೆಗೇ ಪಡೆದಂತೆ. ಶಿಶುಗಳ ಅಂಗಾಂಶ ದೊಡ್ಡವರದಕ್ಕಿಂತ ಹೆಚ್ಚು ಸೂಕ್ಷ್ಮ ಎಂಬುದು ನಿಜ, ಅಪಾಯ ಶೂನ್ಯವೆಂದು ನಾನು ಹೇಳುವುದಿಲ್ಲ. ಆದರೆ ಹಿರಿಯರಿಗೆ ಹೇಳಬೇಕಾದ ಪ್ರಮಾಣ ಇಷ್ಟೇ.

ಸಂಶಯಪ್ರಜ್ಞ
'ಮಕ್ಕಳಿಗೆಂದೇ ಹೊಂದಿಸಿದ' ಎಂಬ ಷರತ್ತನ್ನು ನೀವೇ ಹಾಕಿದ್ದೀರಿ. ಹೊಂದಿಸಿದ್ದಾರೆಯೇ ಇಲ್ಲವೇ ಎಂಬುದು ತಂದೆತಾಯಿಗಳಿಗೆ ತಿಳಿಯುವ ಬಗೆ ಯಾವುದು? ದೊಡ್ಡವರ ಲೆಕ್ಕದಲ್ಲಿಯೇ ಗುಂಡಿ ಒತ್ತಿದರೆ ನಿಮ್ಮ ಅಂಕಿಗಳೆಲ್ಲ ಕಾಗದದ ಮೇಲೆಯೇ ಉಳಿಯುತ್ತವೆ.

ಕಿರಣಲೆಕ್ಕ
ಈ ಆಕ್ಷೇಪ ನ್ಯಾಯವಾದದ್ದು. ದೊಡ್ಡವರ ಪ್ರಮಾಣದಲ್ಲಿಯೇ ಮಕ್ಕಳಿಗೆ ಸ್ಕ್ಯಾನ್ ಮಾಡುತ್ತಿದ್ದ ಕಾಲವಿತ್ತು ಎಂಬುದರಿಂದಲೇ 2008ರಲ್ಲಿ 'ಇಮೇಜ್ ಜಂಟ್ಲಿ' ಎಂಬ ಅಭಿಯಾನ ಶುರುವಾಯಿತು. ಕೇಳಬೇಕಾದ ಪ್ರಶ್ನೆಗಳು ಸರಳವಾಗಿವೆ. ತೂಕಕ್ಕೆ ತಕ್ಕಂತೆ ಪ್ರಮಾಣ ಇಳಿಸುತ್ತೀರಾ, 70 ಅಥವಾ 80 ಕಿಲೋವೋಲ್ಟ್‌ನಲ್ಲಿ ಮಾಡುತ್ತೀರಾ ಎಂದು ಕೇಳಿ. ವೋಲ್ಟೇಜ್ ಇಳಿಸಿದಾಗ ಅಯೋಡಿನ್ ಕಾಂಟ್ರಾಸ್ಟ್ ಇನ್ನೂ ಚೆನ್ನಾಗಿ ಎದ್ದು ಕಾಣುವುದರಿಂದ ಇಲ್ಲಿ ಲಾಭ ಎರಡು ಕಡೆಯದು. ಅದಕ್ಕಿಂತ ಮುಖ್ಯವಾಗಿ, ಕಾಂಟ್ರಾಸ್ಟ್ ಇಲ್ಲದೆ ಒಮ್ಮೆ, ಕೊಟ್ಟು ಇನ್ನೊಮ್ಮೆ ಎಂದು ಎರಡು ಸಲ ತೆಗೆಯುತ್ತೀರಾ ಎಂದು ಕೇಳಿ. ಈ ಕಾಯಿಲೆಗೆ ಕಾಂಟ್ರಾಸ್ಟ್ ಕೊಟ್ಟ ಒಂದೇ ಸುತ್ತು ಸಾಕು. ಎರಡು ಸುತ್ತು ತೆಗೆದರೆ ವಿಕಿರಣ ದುಪ್ಪಟ್ಟು, ಮಾಹಿತಿ ಅಷ್ಟೇ.

ಓದುವ ಕಣ್ಣು
ಅದಕ್ಕೆ ನನ್ನದೊಂದು ಸೇರ್ಪಡೆ: ಸ್ಕ್ಯಾನ್ ಎದೆಯ ಬುಡದಲ್ಲಿಯೇ ನಿಲ್ಲಬಾರದು, ಹೊಟ್ಟೆಯ ಮೇಲ್ಭಾಗವನ್ನೂ ಒಳಗೊಳ್ಳಬೇಕು. ಸೀಕ್ವೆಸ್ಟ್ರೇಶನ್‌ಗೆ ಬರುವ ನಾಳ ಕೆಲವರಲ್ಲಿ ವಪೆಯ (ಎದೆ, ಹೊಟ್ಟೆಗಳ ನಡುವಿನ ಸ್ನಾಯುಪೊರೆಯ) ಕೆಳಗೆ ಹೊಟ್ಟೆಯೊಳಗಿನ ಮಹಾಪಧಮನಿಯಿಂದ ಹೊರಟಿರುತ್ತದೆ. ಎದೆಗಷ್ಟೇ ಸೀಮಿತಗೊಳಿಸಿ ಆ ನಾಳದ ಮೂಲವನ್ನೇ ಕತ್ತರಿಸಿಬಿಟ್ಟ ಸ್ಕ್ಯಾನ್‌ಗಳನ್ನು ನೋಡಿದಾಗ ನನಗೆ ಬರುವ ಕೋಪ ಹೇಳತೀರದು, ಏಕೆಂದರೆ ಆ ಮಗುವಿಗೆ ಮತ್ತೊಮ್ಮೆ ವಿಕಿರಣ ಕೊಡಬೇಕಾಗುತ್ತದೆ.

ಎಳೆಯರ ಸರ್ಜನ್
ಆ ನಾಳವನ್ನು ಗುರುತಿಸದೆ ಶಸ್ತ್ರಚಿಕಿತ್ಸೆಗೆ ಇಳಿಯುವುದು ನಮ್ಮ ಕೆಲಸದಲ್ಲಿ ನಿಜಕ್ಕೂ ಭಯ ಹುಟ್ಟಿಸುವ ಸಂಗತಿ. ಅದರೊಳಗೆ ಹರಿಯುವುದು ದೇಹದ ಪೂರ್ಣ ರಕ್ತದೊತ್ತಡ. ಕಟ್ಟುವ ಮೊದಲೇ ಕತ್ತರಿಸಿಹೋದರೆ ಅದರ ತುದಿ ವಪೆಯ ಕೆಳಗೆ ಹಿಂದೆಗೆದುಕೊಂಡು ಹೊಟ್ಟೆಯೊಳಗೆ ರಕ್ತ ಸುರಿಯುತ್ತದೆ, ಎದೆಯ ಕಡೆಯಿಂದ ಕೈಗೆ ಸಿಗುವುದಿಲ್ಲ. ಆದ್ದರಿಂದ ನಕ್ಷೆಯಿಲ್ಲದೆ ನಾನು ಕತ್ತಿ ಹಿಡಿಯುವುದಿಲ್ಲ.

ಪುಟ್ಟಿಯ ಅಪ್ಪ
ಆದರೆ ಲಕ್ಷಣವೇ ಇಲ್ಲದ ಮಗುವಿಗೆ ಶಸ್ತ್ರಚಿಕಿತ್ಸೆಯೇ ಬೇಕೆಂದು ಯಾರು ಹೇಳಿದರು? ನಮ್ಮ ಮಗಳಿಗೂ ಇದೇ ಇತ್ತು, ಸಿ.ಟಿ.ಯಲ್ಲಿ ಖಚಿತವೂ ಆಯಿತು. ನಾವು ಕಾದು ನೋಡುವ ದಾರಿಯನ್ನು ಆರಿಸಿಕೊಂಡೆವು. ಈಗ ಶಾಲೆಗೆ ಹೋಗುತ್ತಾಳೆ, ಓಡುತ್ತಾಳೆ, ಒಂದು ಬಾರಿಯೂ ನ್ಯುಮೋನಿಯಾ ಆಗಿಲ್ಲ.

ಎಳೆಯರ ಸರ್ಜನ್
ಸಂತೋಷ, ಮತ್ತು ನಿಮ್ಮ ನಿರ್ಧಾರ ತಪ್ಪೆಂದು ನಾನು ಹೇಳುವುದಿಲ್ಲ. ಈ ವಿಷಯದಲ್ಲಿ ನಮ್ಮವರಲ್ಲಿಯೇ ಒಮ್ಮತವಿಲ್ಲ. ಸೋಂಕು ತಗುಲಿದ ಮೇಲೆ ಅಂಟಿಕೊಂಡ ಅಂಗಾಂಶದ ನಡುವೆ ಮಾಡುವ ಶಸ್ತ್ರಚಿಕಿತ್ಸೆ ಕಷ್ಟ, ಆದ್ದರಿಂದ ಮೊದಲ ವರ್ಷದೊಳಗೇ ತೆಗೆಯಿರಿ ಎನ್ನುವವರು ಒಂದು ಕಡೆ. ಬಹಳಷ್ಟು ಮಕ್ಕಳಿಗೆ ಏನೂ ಆಗುವುದಿಲ್ಲ, ಕಾಯಿರಿ ಎನ್ನುವವರು ಇನ್ನೊಂದು ಕಡೆ. ನಾನು ಮೊದಲ ಪಂಗಡಕ್ಕೆ ಸೇರಿದವನು, ಮತ್ತು ಅದಕ್ಕೆ ನನ್ನ ಮುಖ್ಯ ಕಾರಣ ಸೋಂಕಲ್ಲ. ಟೈಪ್ 4 ಎಂದು ಕರೆಯುವ ದೊಡ್ಡ ಗುಳ್ಳೆಗಳ ರೂಪವನ್ನೂ ಪ್ಲೂರೋಪಲ್ಮನರಿ ಬ್ಲಾಸ್ಟೋಮಾ ಎಂಬ ಅಪರೂಪದ ಬಾಲ್ಯ ಕ್ಯಾನ್ಸರಿನ ಆರಂಭದ ರೂಪವನ್ನೂ ಸ್ಕ್ಯಾನ್ ಮಾತ್ರದಿಂದ ಬೇರ್ಪಡಿಸಲಾಗುವುದಿಲ್ಲ. ಎಷ್ಟೇ ಒಳ್ಳೆಯ ಯಂತ್ರವಿದ್ದರೂ ಇದು ಚಿತ್ರದ ಮಿತಿ.

ಪುಟ್ಟಿಯ ಅಪ್ಪ
ಇಂತಹ ಅಪರೂಪದ ಹೆಸರನ್ನು ಮುಂದಿಟ್ಟು ಎಲ್ಲ ತಂದೆತಾಯಿಗಳನ್ನೂ ಹೆದರಿಸುವುದು ಸರಿಯಲ್ಲ.

ಓದುವ ಕಣ್ಣು
ಇಬ್ಬರ ನಡುವೆ ನಿಂತು ಹೇಳುವುದಾದರೆ, ಚಿತ್ರ ಎರಡನ್ನೂ ಬೇರ್ಪಡಿಸದಿದ್ದರೂ ಸುಳಿವುಗಳನ್ನು ಕೊಡುತ್ತದೆ. ಗರ್ಭದಲ್ಲಿಯೇ ಪತ್ತೆಯಾಗಿದ್ದರೆ, ಮಹಾಪಧಮನಿಯಿಂದ ನಾಳ ಬಂದಿದ್ದರೆ, ಪಕ್ಕದ ಶ್ವಾಸಕೋಶ ಹೆಚ್ಚು ಗಾಳಿ ತುಂಬಿ ಹಿಗ್ಗಿದ್ದರೆ ಸಾಧಾರಣ ದೋಷದ ಕಡೆಗೇ ತಕ್ಕಡಿ ವಾಲುತ್ತದೆ. ಗರ್ಭದ ಸ್ಕ್ಯಾನ್ ಸಹಜವಿದ್ದು ಆಮೇಲೆ ಗುಳ್ಳೆ ಕಂಡರೆ, ಎರಡೂ ಕಡೆ ಅಥವಾ ಹಲವು ಹಾಲೆಗಳಲ್ಲಿ ಗುಳ್ಳೆಗಳಿದ್ದರೆ, ಶ್ವಾಸಕೋಶದ ಹೊರಗೆ ಗಾಳಿ ಸೋರಿದ್ದರೆ, ಕುಟುಂಬದಲ್ಲಿ ಈ ಕ್ಯಾನ್ಸರಿಗೆ ದಾರಿಮಾಡುವ ಡೈಸರ್ 1 ಜೀನಿನ ದೋಷವಿದ್ದರೆ ಕಾಯುವ ಮಾತನ್ನು ಬದಿಗಿಡಬೇಕು. ಪುಟ್ಟಿಯ ಅಪ್ಪ ಕಾಯಲು ಸಾಧ್ಯವಾದದ್ದೂ ಸಿ.ಟಿ. ಏನು ತೋರಿಸಿತು ಎಂಬುದರ ಆಧಾರದ ಮೇಲೆಯೇ ಅಲ್ಲವೇ?

ಪುಟ್ಟಿಯ ಅಪ್ಪ
ಅದನ್ನು ಅಲ್ಲಗಳೆಯುವುದಿಲ್ಲ. ಸಿ.ಟಿ. ಬೇಡವೆಂದು ನಾನು ಹೇಳಲೇ ಇಲ್ಲ.

ರಾತ್ರಿಪಾಳಿ ನರ್ಸ್
ಎಲ್ಲರೂ ಗುಳ್ಳೆಗಳ ಬಗ್ಗೆಯೇ ಹೇಳುತ್ತಿದ್ದೀರಿ. ಹುಟ್ಟಿನಿಂದ ಬರುವ ಇನ್ನೊಂದು ದೋಷದ ಎಕ್ಸ್-ರೇ ಹೇಗೆ ದಾರಿ ತಪ್ಪಿಸುತ್ತದೆ ಎಂಬುದನ್ನು ಹೇಳುತ್ತೇನೆ. ಏದುಸಿರು ಬಿಡುತ್ತಿದ್ದ ನವಜಾತ ಶಿಶುವೊಂದರ ಎದೆಯ ಎಡ ಮೇಲ್ಭಾಗ ಎಕ್ಸ್-ರೇಯಲ್ಲಿ ಕಡುಕಪ್ಪಾಗಿತ್ತು, ಹೃದಯ ಬಲಕ್ಕೆ ಸರಿದಿತ್ತು. ಗಾಳಿ ಸೋರಿದೆ, ಸೂಜಿ ಚುಚ್ಚಿ ತೆಗೆಯೋಣ ಎಂದು ಟ್ರೇ ಸಿದ್ಧವಾಗಿತ್ತು. ಹಿರಿಯ ವೈದ್ಯರೊಬ್ಬರು ಚಿತ್ರವನ್ನು ಹಿಗ್ಗಿಸಿ, ಆ ಕಪ್ಪಿನೊಳಗೆ ಎಳೆಎಳೆಯಾಗಿ ಹರಡಿದ್ದ ಸಣ್ಣ ರಕ್ತನಾಳಗಳ ಗೆರೆಗಳನ್ನು ತೋರಿಸಿ, ಸೋರಿದ ಗಾಳಿಯಲ್ಲಿ ರಕ್ತನಾಳ ಇರುವುದುಂಟೇ ಎಂದು ಕೇಳಿದರು. ಅದು ಹಾಲೆಯೊಂದು ಗಾಳಿ ಸಿಕ್ಕಿಹಾಕಿಕೊಂಡು ಊದಿಕೊಂಡ ಸ್ಥಿತಿ. ಸೂಜಿ ಚುಚ್ಚಿದ್ದರೆ ನೇರವಾಗಿ ಶ್ವಾಸಕೋಶಕ್ಕೇ ಚುಚ್ಚಿದಂತಾಗುತ್ತಿತ್ತು.

ಪಿ.ಜಿ. ಮೂರನೇ ವರ್ಷ
ಜನ್ಮಜಾತ ಲೋಬಾರ್ ಎಂಫಿಸೀಮಾ. ಎಡ ಮೇಲ್ಹಾಲೆಯೇ ಅದರ ಅತಿ ಸಾಮಾನ್ಯ ಜಾಗ. ಹುಟ್ಟಿದ ತಕ್ಷಣದ ಎಕ್ಸ್-ರೇಯಲ್ಲಿ ಅದು ಬೆಳ್ಳಗೂ ಕಾಣಬಹುದು, ಏಕೆಂದರೆ ಗರ್ಭದಲ್ಲಿದ್ದ ದ್ರವ ಆ ಹಾಲೆಯಿಂದ ನಿಧಾನವಾಗಿ ಖಾಲಿಯಾಗುತ್ತದೆ. ಖಾಲಿಯಾದಂತೆ ಗಾಳಿ ತುಂಬಿ ಕಪ್ಪಾಗುತ್ತದೆ. ಇಂತಹುದೇ ಇನ್ನೊಂದು ಮೋಸವೆಂದರೆ ವಪೆಯಲ್ಲಿ ರಂಧ್ರವಿದ್ದು ಕರುಳು ಎದೆಗೇರಿರುವುದು. ಗಾಳಿ ತುಂಬಿದ ಕರುಳಿನ ಸುರುಳಿಗಳು ಎಡ ಎದೆಯಲ್ಲಿ ಥೇಟ್ ಸಿ.ಪಿ.ಎ.ಎಂ. ಗುಳ್ಳೆಗಳಂತೆ ಕಾಣುತ್ತವೆ. ಆಗ ಹೊಟ್ಟೆಯ ಕಡೆ ನೋಡಬೇಕು: ಅಲ್ಲಿ ಕರುಳಿನ ಗಾಳಿ ಕಡಿಮೆಯಿದ್ದು, ಮೂಗಿನ ಮೂಲಕ ಜಠರಕ್ಕೆಂದು ಇಳಿಸಿದ ನಳಿಕೆಯ ತುದಿ ಎದೆಯಲ್ಲಿ ಕಂಡರೆ ಉತ್ತರ ಸಿಕ್ಕಂತೆಯೇ.

ತಾಯಿಬೇರು
ಎಲ್ಲವನ್ನೂ ಓದುತ್ತಿದ್ದೇನೆ. ಸಿ.ಟಿ.ಗೆ ಮಗುವಿಗೆ ಪ್ರಜ್ಞೆ ತಪ್ಪಿಸುತ್ತಾರೆಯೇ? ಈಗ ವಿಕಿರಣಕ್ಕಿಂತ ಇದೇ ಹೆಚ್ಚು ಕಾಡುತ್ತಿದೆ.

ಕತ್ತಲಕೋಣೆ
ನಾನು ಸಿ.ಟಿ. ತಂತ್ರಜ್ಞೆ. ಇಷ್ಟು ಚಿಕ್ಕ ಮಗುವಿಗೆ ಬಹಳಷ್ಟು ಸಲ ಅದರ ಅಗತ್ಯ ಬೀಳುವುದಿಲ್ಲ. ಹಾಲೂಡಿಸುವ ಹೊತ್ತಿಗೆ ಸ್ಕ್ಯಾನ್ ಸಮಯವನ್ನು ಹೊಂದಿಸುತ್ತೇವೆ. ಕೈಗೆ ಅಥವಾ ಪಾದಕ್ಕೆ ಸಣ್ಣ ಸೂಜಿನಳಿಕೆಯನ್ನು ಮೊದಲೇ ಹಾಕಿಬಿಡುತ್ತೇವೆ, ಅಳು ಏನಿದ್ದರೂ ಆಗಲೇ ಮುಗಿಯಲಿ ಎಂದು. ಆಮೇಲೆ ಮಂದ ಬೆಳಕಿನ ಬೆಚ್ಚಗಿನ ಕೋಣೆಯಲ್ಲಿ ತಾಯಿ ಹಾಲು ಕುಡಿಸುತ್ತಾರೆ, ನಾವು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತುತ್ತೇವೆ, ಸೂಜಿಯಿರುವ ಕೈ ಮಾತ್ರ ಹೊರಗಿರುತ್ತದೆ. ನಿದ್ದೆ ಹತ್ತಿದ ಮೇಲೆ ಮೆಲ್ಲಗೆ ಮೇಜಿನ ಮೇಲೆ ಮಲಗಿಸುತ್ತೇವೆ. ಕಾಂಟ್ರಾಸ್ಟ್‌ನ ಪ್ರಮಾಣ ಕಿಲೋ ತೂಕಕ್ಕೆ ಎರಡು ಮಿಲಿಲೀಟರಿನಷ್ಟು. ಹೊಸ ಯಂತ್ರಗಳಲ್ಲಿ ವಿಕಿರಣ ಹೊಮ್ಮುವ ಹೊತ್ತು ಒಂದೆರಡು ಸೆಕೆಂಡು, ಅದಕ್ಕಿಂತ ಕಡಿಮೆಯೂ ಉಂಟು. ಎಲ್ಲ ಕಡೆ ಈ ಕ್ರಮವಿಲ್ಲ, ಕೆಲವರು ಹಸಿವಿನಲ್ಲಿಟ್ಟು ಔಷಧಿ ಕೊಟ್ಟೇ ಮಾಡುತ್ತಾರೆ. ಆದ್ದರಿಂದ ಮುಂಚಿತವಾಗಿಯೇ ಕೇಳಿಕೊಳ್ಳಿ, ಅವರು ಹೇಳಿದಂತೆಯೇ ಹಾಲು ಕೊಡಿ.

ಓದುವ ಕಣ್ಣು
ಅರಿವಳಿಕೆ ತಪ್ಪಿಸಿದರೆ ಓದುವ ನಮಗೂ ಅನುಕೂಲ. ಅರಿವಳಿಕೆಯಲ್ಲಿ ಮಲಗಿದ ಶಿಶುವಿನ ಶ್ವಾಸಕೋಶದ ಹಿಂಭಾಗ ಬೇಗ ಕುಸಿದು ಬಿಳಿಯಾಗುತ್ತದೆ, ಮತ್ತು ನಾವು ಹುಡುಕುತ್ತಿರುವ ಎಡ ಕೆಳಹಾಲೆಯ ಹಿಂಬದಿಯೂ ಅಲ್ಲೇ ಇರುತ್ತದೆ.

ಸಂಶಯಪ್ರಜ್ಞ
ಒಂದು ಸಿ.ಟಿ.ಗೆ ನನ್ನ ಆಕ್ಷೇಪವನ್ನು ಹಿಂತೆಗೆದುಕೊಳ್ಳುತ್ತೇನೆ. ಆದರೆ ಕಾಯುವ ದಾರಿ ಹಿಡಿದವರಿಗೆ ವರ್ಷ ವರ್ಷ ಸಿ.ಟಿ. ಎಂದರೆ ಮತ್ತೆ ಜಗಳಕ್ಕೆ ಬರುತ್ತೇನೆ.

ಕಿರಣಲೆಕ್ಕ
ಆ ಜಗಳದಲ್ಲಿ ನಾನು ನಿಮ್ಮ ಪಕ್ಷ. ಲಕ್ಷಣವಿಲ್ಲದ ಮಗುವಿಗೆ ವರ್ಷಕ್ಕೊಂದು ಸಿ.ಟಿ. ತೆಗೆಯಲು ನನಗೆ ಯಾವ ಸಮರ್ಥನೆಯೂ ಕಾಣುವುದಿಲ್ಲ. ಮಗು ದೊಡ್ಡದಾಗಿ ಹೇಳಿದ ಮಾತು ಕೇಳಿ ಅಲುಗಾಡದೆ ಮಲಗುವ ವಯಸ್ಸಿಗೆ ಬಂದರೆ ಎಂ.ಆರ್.ಐ.ಗೂ ಅರಿವಳಿಕೆ ಬೇಕಿಲ್ಲ. ಆಗ ನಿಮ್ಮ ಮೊದಲಿನ ಪ್ರಶ್ನೆಗೆ ಬೇರೆಯೇ ಉತ್ತರ ಬರುತ್ತದೆ.

ಹೊಸಬಳು
ನಡುವೆ ಬಂದುದಕ್ಕೆ ಕ್ಷಮಿಸಿ. ಒಂದು ಮಗುವಿಗೆ ಸಿ.ಪಿ.ಎ.ಎಂ. ಇದ್ದರೆ ಮುಂದಿನ ಮಗುವಿಗೂ ಬರುತ್ತದೆಯೇ?

ಗರ್ಭಲೋಕ
ಸಾಮಾನ್ಯವಾಗಿ ಇಲ್ಲ. ಇದು ವಂಶಪಾರಂಪರ್ಯವಾಗಿ ಬರುವಂಥದ್ದಲ್ಲ. ಮೇಲೆ ಹೇಳಿದ ಡೈಸರ್ 1 ಕುಟುಂಬಗಳ ಮಾತು ಮಾತ್ರ ಬೇರೆ.

ಹೊಸಬಳು
ಧನ್ಯವಾದ. ನಮ್ಮ ಮಗುವಿನ ಸಿ.ಟಿ. ಫಿಲ್ಮನ್ನು ಮೊಬೈಲಿನಲ್ಲಿ ತೆಗೆದು ಇಲ್ಲಿ ಹಾಕಿದರೆ ಯಾರಾದರೂ ನೋಡಿ ಹೇಳುತ್ತೀರಾ?

ಓದುವ ಕಣ್ಣು
ದಯವಿಟ್ಟು ಹಾಕಬೇಡಿ, ಮಗುವಿನ ಹೆಸರು, ಗುರುತು ಎಲ್ಲವೂ ಅದರ ಮೂಲೆಯಲ್ಲಿ ಅಚ್ಚಾಗಿರುತ್ತದೆ. ಅದಿಲ್ಲದಿದ್ದರೂ ಫಿಲ್ಮಿನ ಫೋಟೋ ನೋಡಿ ಹೇಳುವುದು ಸಾಧ್ಯವಿಲ್ಲ. ಒಂದೇ ಮಾಹಿತಿಯನ್ನು ಶ್ವಾಸಕೋಶಕ್ಕೆಂದು ಒಂದು ಬಗೆಯಲ್ಲಿ, ರಕ್ತನಾಳಗಳಿಗೆಂದು ಇನ್ನೊಂದು ಬಗೆಯಲ್ಲಿ ಬೆಳಕು ಹೊಂದಿಸಿ ನೋಡುತ್ತೇವೆ, ಹಿಂದಕ್ಕೂ ಮುಂದಕ್ಕೂ ಓಡಿಸಿ ನಾಳವನ್ನು ಅದರ ಬುಡದವರೆಗೆ ಹಿಂಬಾಲಿಸುತ್ತೇವೆ. ಫಿಲ್ಮಿನಲ್ಲಿ ಅದು ಆಗದು. ಎರಡನೇ ಅಭಿಪ್ರಾಯ ಬೇಕಿದ್ದರೆ ಡಿಸ್ಕ್ ತೆಗೆದುಕೊಂಡು ಹೋಗಿ.

ಕತ್ತಲಕೋಣೆ
ಡಿಸ್ಕ್ ಕೇಳುವಾಗ ಒಂದು ಮಿಲಿಮೀಟರ್ ದಪ್ಪದ ತೆಳು ಪದರಗಳನ್ನೂ ಸೇರಿಸಿ ಕೊಡಿ ಎಂದು ಬಾಯಿಬಿಟ್ಟು ಕೇಳಿ. ಎಷ್ಟೋ ಕಡೆ ಐದು ಮಿಲಿಮೀಟರಿನ ದಪ್ಪ ಪದರಗಳನ್ನು ಮಾತ್ರ ಉಳಿಸಿ, ತೆಳು ಪದರಗಳನ್ನು ಕೆಲವು ದಿನಗಳಲ್ಲಿ ಅಳಿಸಿಬಿಡುತ್ತಾರೆ. ಶಿಶುವಿನ ಮೈಯಲ್ಲಿ ಆ ನಾಳವೇ ಒಂದೆರಡು ಮಿಲಿಮೀಟರ್ ದಪ್ಪ ಇರುತ್ತದೆ, ದಪ್ಪ ಪದರಗಳಲ್ಲಿ ಅದು ಕಳೆದೇಹೋಗಬಹುದು.